ಅವಳಿಗೆ ಕಾಣಿಸಿತು, ಅವಳಿಗೆ ಅನಿಸಿತು: ಇಂಗ್ಲಿಷಿನಲ್ಲಿ ಹೇಗೆ?

(ದೃಶ್ಯ: ಕಾರವಾರದ ಮೀನು ಮಾರುಕಟ್ಟೆ, ಬೆಳಿಗ್ಗೆ. ಬುಟ್ಟಿಯಲ್ಲಿ ಬಂಗಡೆ.)

ನಮಸ್ಕಾರ. ಒಬ್ಬ ಹೆಂಗಸು ಏನು ಕಂಡಳು, ಏನು ಕೇಳಿದಳು, ಅವಳ ಮನಸ್ಸಿಗೆ ಏನು ಅನಿಸಿತು? ಮುಗಿದುಹೋದ ಒಂದು ಹೊತ್ತಿನ ಈ ಸಂಗತಿಗಳನ್ನು ಇಂಗ್ಲಿಷಿನಲ್ಲಿ ಬರೆಯುವುದು ಹೇಗೆ ಅನ್ನುವುದೇ ಈ ವಿಡಿಯೋ.

ಅಮ್ಮನ ಬಗ್ಗೆ ಪ್ರಬಂಧ ಬರೆಯಿರಿ ಅಂದರೆ ನಮ್ಮ ಮಕ್ಕಳು ‘ಮೈ ಮದರ್ ಈಸ್ ವೆರಿ ಕೈಂಡ್’ ಅಂತ ಬರೆದು ನಿಲ್ಲಿಸಿಬಿಡುತ್ತಾರೆ. ಅಮ್ಮ ನೋಡಿದ್ದು, ಅಮ್ಮನಿಗೆ ಗೊತ್ತಾಗಿದ್ದು ಯಾವುದೂ ಬರುವುದಿಲ್ಲ. ನನಗೆ ಇದು ಬೇಸರದ ಸಂಗತಿ. ಹೇಳುವುದು ಬೇಕಾದಷ್ಟಿದೆ, ವಾಕ್ಯ ಕೂಡಿಸಲು ಬರುವುದಿಲ್ಲ, ಅಷ್ಟೇ.

ಈ ಬುಟ್ಟಿಯ ಹತ್ತಿರ ಬನ್ನಿ. ಮೀನು ಕೊಳ್ಳಲು ಬಂದ ಹೆಂಗಸು ಒಂದು ಬಂಗಡೆ ಎತ್ತಿಕೊಂಡಳು. ಕಿವಿರು ಬಿಡಿಸಿ ನೋಡಿದಳು. ಕೆಂಪಗಿತ್ತು. ಹೆಬ್ಬೆರಳಿನಿಂದ ಒತ್ತಿದಳು. ಗಟ್ಟಿಯಾಗಿತ್ತು. ಕೊನೆಗೆ ಮೂಸಿದಳು. ಇಷ್ಟಾದ ಮೇಲೇ ರೇಟು ಕೇಳಿದ್ದು.

(ಪರದೆಯ ಮೇಲೆ ಒಂದೊಂದೇ ವಾಕ್ಯ)

ಶೀ ಲುಕ್ಡ್ ಅಟ್ ದ ಗಿಲ್ಸ್.
ಶೀ ಸಾ ದಟ್ ದೇ ವರ್ ರೆಡ್.
ಶೀ ಪ್ರೆಸ್ಡ್ ದ ಫಿಶ್. ಇಟ್ ಫೆಲ್ಟ್ ಫರ್ಮ್.
ಶೀ ಸ್ಮೆಲ್ಟ್ ಇಟ್. ಇಟ್ ಸ್ಮೆಲ್ಟ್ ಫ್ರೆಶ್.

ಮೊದಲ ಎರಡು ವಾಕ್ಯ ನೋಡಿ. ‘ಲುಕ್ಡ್ ಅಟ್’ ಅಂದರೆ ಬೇಕೆಂದೇ ಕಣ್ಣು ಹಾಯಿಸಿದ್ದು. ‘ಸಾ’ ಅಂದರೆ ಕಣ್ಣಿಗೆ ಬಿದ್ದದ್ದು. ಕಿವಿಗೂ ಹೀಗೇ: ‘ಲಿಸನ್ಡ್ ಟು’ ಅಂದರೆ ಕಿವಿಗೊಟ್ಟಳು, ‘ಹರ್ಡ್’ ಅಂದರೆ ಕಿವಿಗೆ ಬಿತ್ತು. ಆ ‘ಅಟ್’ ಮತ್ತು ‘ಟು’ ಬಿಡಬೇಡಿ.

ಈಗ ಕೊನೆಯ ಸಾಲು. ‘ಸ್ಮೆಲ್ಟ್’ ಎರಡು ಸಲ ಬಂದಿದೆ, ಅಲ್ವಾ? ‘ಶೀ ಸ್ಮೆಲ್ಟ್ ಇಟ್’ ಅನ್ನುವಾಗ ಮೂಸಿದ್ದು ಅವಳು. ‘ಇಟ್ ಸ್ಮೆಲ್ಟ್ ಫ್ರೆಶ್’ ಅನ್ನುವಾಗ ಅದು ಮೀನಿನ ಗುಣ. ಕ್ರಿಯಾಪದ ಒಂದೇ, ಮುಂದೆ ನಿಂತವರು ಬದಲಾದರೆ ಅರ್ಥವೇ ಬದಲು. ‘ಫ್ರೆಶ್’ಗೆ ಬಾಲ ಹಚ್ಚಿ ‘ಫ್ರೆಶ್‌ಲಿ’ ಮಾಡಬೇಡಿ. ಇಲ್ಲಿ ಅದು ಮೀನು ಹೇಗಿತ್ತು ಅಂತ ಹೇಳುತ್ತಿದೆ, ಮೂಸಿದ ರೀತಿಯನ್ನಲ್ಲ.

ಇದೇ ಕಟ್ಟನ್ನು ಆ ಹೆಂಗಸಿಗೇ ಹಾಕೋಣ.

ಶೀ ಲುಕ್ಡ್ ಟೈರ್ಡ್.
ಶೀ ಫೆಲ್ಟ್ ಟೈರ್ಡ್.

ಮೊದಲನೆಯದರಲ್ಲಿ ಅವಳು ಏನನ್ನೂ ನೋಡುತ್ತಿಲ್ಲ. ಬೇರೆಯವರು ಅವಳನ್ನು ನೋಡಿ ‘ಪಾಪ, ಸುಸ್ತಾದ ಹಾಗೆ ಕಾಣುತ್ತಾಳೆ’ ಅನ್ನುತ್ತಿದ್ದಾರೆ. ಎರಡನೆಯದರಲ್ಲಿ ಸುಸ್ತು ಗೊತ್ತಾದದ್ದು ಅವಳಿಗೇ. ಹೆಂಗಸರ ಬಗ್ಗೆ ಬರೆಯುವಾಗ ನಾವು ಜಾಸ್ತಿ ಬರೆಯುವುದು ಮೊದಲನೆಯ ತರಹದ್ದೇ: ‘ಶೀ ಲುಕ್ಡ್ ಬ್ಯೂಟಿಫುಲ್’, ‘ಶೀ ಲುಕ್ಡ್ ಸ್ಯಾಡ್’. ತಪ್ಪೇನಿಲ್ಲ. ಆದರೆ ಪುಟಪೂರ್ತಿ ಅದೇ ಇದ್ದರೆ, ಓದುವವರಿಗೆ ಅವಳು ಹೊರಗಿಂದ ಮಾತ್ರ ಗೊತ್ತಾಗುತ್ತಾಳೆ. ಬರೆದ ಪ್ರಬಂಧ ತೆಗೆದು ಎಷ್ಟು ಕಡೆ ‘ಲುಕ್ಡ್’ ಇದೆ, ಎಷ್ಟು ಕಡೆ ‘ಸಾ’, ‘ಹರ್ಡ್’, ‘ಫೆಲ್ಟ್’ ಇದೆ ಅಂತ ಒಮ್ಮೆ ಗುರುತು ಹಾಕಿ ನೋಡಿ.

ನಮಗೆ ಕಷ್ಟವಾಗುವುದು ಎಲ್ಲಿ? ಕನ್ನಡದಲ್ಲಿ ನಾವು ‘ಅವಳಿಗೆ’ ಅಂತ ಶುರು ಮಾಡುತ್ತೇವೆ. ಅವಳಿಗೆ ದೋಣಿ ಕಾಣಿಸಿತು. ಅವಳಿಗೆ ಸದ್ದು ಕೇಳಿಸಿತು. ಅವಳಿಗೆ ಚಳಿಯಾಯಿತು. ಅವಳಿಗೆ ನೆನಪಾಯಿತು. ಕ್ರಿಯಾಪದವೆಲ್ಲ ದೋಣಿಯದು, ಸದ್ದಿನದು, ಚಳಿಯದು. ಇಂಗ್ಲಿಷಿನಲ್ಲಿ ಅವಳೇ ಮೊದಲು ಬರಬೇಕು: ಶೀ ಸಾ ಎ ಬೋಟ್. ಶೀ ಹರ್ಡ್ ಎ ಸೌಂಡ್. ಶೀ ಫೆಲ್ಟ್ ಕೋಲ್ಡ್. ಶೀ ರಿಮೆಂಬರ್ಡ್. ‘ಟು ಹರ್ ಕೋಲ್ಡ್ ಕೇಮ್’ ಅನ್ನುವಂತಿಲ್ಲ.

ಹಳೆಯ ಇಂಗ್ಲಿಷಿನಲ್ಲಿ ನಮ್ಮ ಹಾಗೇ ‘ನನಗೆ ಅನಿಸಿತು’ ಅನ್ನುವ ಕಟ್ಟು ಇತ್ತು. ಹಳೆಯ ನಾಟಕಗಳಲ್ಲಿ ಸಿಗುವ ‘ಮಿಥಿಂಕ್ಸ್’, ‘ಮಿಥಾಟ್’ ಅದರದೇ ಉಳಿಕೆ. ಈಗ ಆ ಜಾಗದಲ್ಲಿ ‘ಇಟ್ ಸೀಮ್ಡ್ ಟು ಹರ್’ ಇದೆ. ‘ಅವಳಿಗೆ ಹಾಗೆ ತೋರಿತು’ ಅನ್ನಲು ಅದನ್ನು ಧೈರ್ಯವಾಗಿ ಬಳಸಿ.

ಇನ್ನೊಂದು. ಕನ್ನಡದಲ್ಲಿ ಸುಮ್ನೆ ‘ನೋಡಿದಳು’ ಅಂದರೆ ಸಾಕು, ನೋಡಿದ್ದು ಹೆಣ್ಣು ಅಂತ ಆ ಕೊನೆಯ ‘ಳು’ ಹೇಳಿಬಿಡುತ್ತದೆ. ‘ಸಾ’ ಅಂದರೆ ಏನೂ ತಿಳಿಯದು. ಹಾಗಾಗಿ ‘ಶೀ’ ಬಿಡುವ ಹಾಗಿಲ್ಲ. ಶಿರಸಿ ಕಡೆ ಹವ್ಯಕರ ಮನೆಗಳಲ್ಲಿ ಪ್ರೀತಿಯಿಂದಲೇ ‘ಅಮ್ಮ ಬಂತು’ ಅನ್ನುತ್ತಾರೆ. ಕೊಂಕಣಿಯಲ್ಲೂ ಚಿಕ್ಕ ಹುಡುಗಿಯನ್ನು ನಪುಂಸಕ ಲಿಂಗದಲ್ಲೇ ಹೇಳುವುದು ರೂಢಿ. ಮನೆಮಾತಿಗೆ ಅದೇ ಚಂದ. ಇಂಗ್ಲಿಷಿಗೆ ಬಂದಾಗ ಮಾತ್ರ ‘ಇಟ್’ ಅಲ್ಲ, ‘ಶೀ’.

(ದೃಶ್ಯ: ಶಿರಸಿ ಬಸ್ ನಿಲ್ದಾಣ. ಕುಮಟಾ ಬಸ್ಸು.)

ಶೀ ಸಾ ದ ಬಸ್ ಲೀವ್.
ಶೀ ಸಾ ದ ಬಸ್ ಲೀವಿಂಗ್.

ಮೊದಲನೆಯದರಲ್ಲಿ ಬಸ್ಸು ಹೊರಟು ಹೋದದ್ದನ್ನು ಅವಳು ಪೂರ್ತಿ ಕಂಡಳು. ಅವಳ ಪಾಲಿಗೆ ಆ ಬಸ್ಸು ತಪ್ಪಿತು. ಎರಡನೆಯದರಲ್ಲಿ ಅವಳ ಕಣ್ಣಿಗೆ ಬಿದ್ದಾಗ ಬಸ್ಸು ಇನ್ನೂ ಹೊರಡುತ್ತಿತ್ತು. ಕೈ ಮಾಡಿ ಓಡಿದರೆ ಸಿಕ್ಕರೂ ಸಿಗಬಹುದು. ‘ಸಾ’ ಆದ ಮೇಲೆ ‘ಲೆಫ್ಟ್’ ಹಾಕಬೇಡಿ, ‘ಟು ಲೀವ್’ ಕೂಡ ಬೇಡ. ‘ಹರ್ಡ್’ಗೂ ಇದೇ ಲೆಕ್ಕ: ಶೀ ಹರ್ಡ್ ದ ಬೇಬಿ ಕ್ರೈ, ಶೀ ಹರ್ಡ್ ದ ಬೇಬಿ ಕ್ರೈಯಿಂಗ್.

‘ಕೇಳಿಸುತ್ತಿತ್ತು’ ಅನ್ನಲು ಹಲವರು ‘ಶೀ ವಾಸ್ ಹಿಯರಿಂಗ್’ ಅಂತ ಬರೆಯುತ್ತಾರೆ. ಸಹಜವಾದದ್ದು ‘ಕುಡ್’. ಮಳೆಗಾಲದ ರಾತ್ರಿ, ಕರೆಂಟ್ ಹೋಗಿದೆ, ಕಡಲು ಭೋರ್ಗರೆಯುತ್ತಿದೆ: ಶೀ ಕುಡ್ ಹಿಯರ್ ದ ಸೀ. ದೂರದ ದೀಪಸ್ತಂಭದ ಬೆಳಕು ಕಾಣುತ್ತಿತ್ತು: ಶೀ ಕುಡ್ ಸೀ ದ ಲೈಟ್‌ಹೌಸ್. ಬೇಕೆಂದೇ ಮಾಡುವ ಕೆಲಸಕ್ಕೆ ಮಾತ್ರ ‘ವಾಸ್ ಲಿಸನಿಂಗ್’, ‘ವಾಸ್ ವಾಚಿಂಗ್’ ಸರಿ.

(ದೃಶ್ಯ: ಅಘನಾಶಿನಿ ಅಳಿವೆ, ಇಳಿತದ ಹೊತ್ತು. ಹೆಂಗಸರು ಬಳಚು ಅನ್ನುವ ಚಿಪ್ಪುಮೀನು ಆರಿಸುತ್ತಿದ್ದಾರೆ.)

ನೀರು ಇಳಿದಾಗ ಮಾತ್ರ ಇವರ ಕೆಲಸ. ಉಬ್ಬರ ಶುರುವಾದರೆ ಎದ್ದು ಬರಬೇಕು. ಪಾದದ ಸುತ್ತ ನೀರು ಓಡುವ ದಿಕ್ಕು ಬದಲಾದದ್ದು ಅವಳಿಗೆ ಗೊತ್ತಾಯಿತು. ಕನ್ನಡದಲ್ಲಿ ‘ನೀರು ಏರುತ್ತಿದೆ ಅಂತ ಗೊತ್ತಾಯಿತು’, ‘ಮಳೆ ಬರುತ್ತದೆ ಅಂತ ಅನಿಸಿತು’ ಅನ್ನುತ್ತೇವೆ. ಒಳಗಿನ ಮಾತು ಆ ಹೊತ್ತಿನಲ್ಲಿ ಇದ್ದ ಹಾಗೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಅದೂ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ.

ಶೀ ನೋಟಿಸ್ಡ್ ದಟ್ ದ ವಾಟರ್ ವಾಸ್ ರೈಸಿಂಗ್.
ಶೀ ರಿಯಲೈಸ್ಡ್ ದಟ್ ದ ಟೈಡ್ ಹ್ಯಾಡ್ ಟರ್ನ್ಡ್.
ಶೀ ಫೆಲ್ಟ್ ದಟ್ ಇಟ್ ವುಡ್ ರೇನ್.

ಆ ಹೊತ್ತಿಗೆ ಆಗುತ್ತಿದ್ದದ್ದಕ್ಕೆ ‘ವಾಸ್’, ಅದಕ್ಕೂ ಮೊದಲೇ ಆಗಿಹೋದದ್ದಕ್ಕೆ ‘ಹ್ಯಾಡ್’, ಇನ್ನೂ ಆಗಬೇಕಿದ್ದದ್ದಕ್ಕೆ ‘ವುಡ್’. ನಮ್ಮವರು ಎಡವುವುದು ಹೆಚ್ಚಾಗಿ ಮೂರನೆಯದರಲ್ಲಿ. ‘ಶೀ ಫೆಲ್ಟ್ ದಟ್ ಇಟ್ ವಿಲ್ ರೇನ್’ ಅಂತ ಬರೆದುಬಿಡುತ್ತಾರೆ.

‘ರಿಯಲೈಸ್ಡ್’ ಮತ್ತು ‘ನೋಟಿಸ್ಡ್’ ಬೇರೆ ಬೇರೆ. ಕಣ್ಣಿಗೋ ಕಿವಿಗೋ ಬಿದ್ದು ಗಮನಕ್ಕೆ ಬಂದರೆ ‘ನೋಟಿಸ್ಡ್’. ಕಂಡದ್ದನ್ನು ಕೂಡಿಸಿ, ಓಹೋ ಹೀಗಾಗಿದೆ ಅಂತ ಹೊಳೆದರೆ ‘ರಿಯಲೈಸ್ಡ್’. ನೀರು ಏರಿದ್ದು ಕಣ್ಣಿಗೇ ಕಾಣುತ್ತದೆ. ಉಬ್ಬರ ಶುರುವಾಗಿದೆ ಅನ್ನುವುದು ವರ್ಷಗಟ್ಟಲೆ ಆ ನೀರಿನಲ್ಲಿ ನಿಂತವಳಿಗೆ ಹೊಳೆಯುವ ವಿಷಯ. ಅವಳ ಆ ತಿಳಿವಳಿಕೆ ಇಂಗ್ಲಿಷಿನಲ್ಲಿಯೂ ಓದುವವರಿಗೆ ಸಿಗಬೇಕಾದರೆ ಈ ಕ್ರಿಯಾಪದ ಸರಿಯಾಗಿ ಬೀಳಬೇಕು.

ಈಗ ನೀವು ಬರೆಯಿರಿ. ಅಂಗಳದಲ್ಲಿ ಅಡಿಕೆ ಹರವಿದೆ. ಮೊದಲ ಹನಿಗಳ ಸದ್ದು ಅವಳಿಗೆ ಕೇಳಿಸಿತು. ಅಡಿಕೆ ಒದ್ದೆಯಾಗುತ್ತದೆ ಅಂತ ಗೊತ್ತಾಯಿತು. ಪಕ್ಕದ ಮನೆಯವರು ಓಡಿ ಬರುತ್ತಿರುವುದು ಕಾಣಿಸಿತು. ಮೂರೂ ವಾಕ್ಯ ‘ಶೀ’ಯಿಂದ ಶುರುವಾಗಲಿ. ವಿಡಿಯೋ ಇಲ್ಲಿ ನಿಲ್ಲಿಸಿ, ಬರೆದು, ಆಮೇಲೆ ಪರದೆ ನೋಡಿ.

ಶೀ ಹರ್ಡ್ ದ ಫಸ್ಟ್ ಡ್ರಾಪ್ಸ್ ಆಫ್ ರೇನ್.
ಶೀ ರಿಯಲೈಸ್ಡ್ ದಟ್ ದ ಅರೆಕಾನಟ್ಸ್ ವುಡ್ ಗೆಟ್ ವೆಟ್.
ಶೀ ಸಾ ಹರ್ ನೇಬರ್ಸ್ ರನಿಂಗ್ ಟುವರ್ಡ್ಸ್ ಹರ್.