ಸಣ್ಣ ಡಿಸ್ಟಿಲರಿಗೆ ಭಟ್ಟಿಯ ಆಯ್ಕೆ

ಕೇಳುಗರಿಗೆ ನಮಸ್ಕಾರ. ಪರವಾನಗಿ ಪಡೆದು, ಸಣ್ಣ ಪ್ರಮಾಣದಲ್ಲಿ ಒಳ್ಳೆಯ ಮದ್ಯ ತಯಾರಿಸಬೇಕೆಂದು ಹೊಸದಾಗಿ ಡಿಸ್ಟಿಲರಿ ತೆರೆಯುವವರು ಭಟ್ಟಿಯನ್ನು ಹೇಗೆ ಆರಿಸಿಕೊಳ್ಳಬೇಕು ಎಂಬ ವಿಷಯವಾಗಿ ಇಂದು ಮಾತನಾಡುತ್ತೇನೆ. ಯೀಸ್ಟ್ ಒಗ್ಗದಿದ್ದರೆ ಬೇರೆಯದನ್ನು ತರಬಹುದು, ಪೀಪಾಯಿಯನ್ನೂ ಬದಲಿಸಬಹುದು; ಆದರೆ ಒಮ್ಮೆ ಬೆಸುಗೆ ಹಾಕಿ ನಿಲ್ಲಿಸಿದ ಭಟ್ಟಿಯ ಆಕಾರವನ್ನು ತಿದ್ದುವುದು ಬಹಳ ಕಷ್ಟ. ಹೀಗಿದ್ದೂ ಅನೇಕರು ತಯಾರಕರ ಕ್ಯಾಟಲಾಗಿನಲ್ಲಿ ಹೊಳೆಯುವ ತಾಮ್ರದ ಚಿತ್ರ ನೋಡಿ ಮುಂಗಡ ಕೊಟ್ಟುಬಿಡುತ್ತಾರೆ. ಏನನ್ನು ಬಟ್ಟಿ ಇಳಿಸಬೇಕು ಎಂಬುದು ಖಚಿತವಾಗುವವರೆಗೆ ಭಟ್ಟಿಯ ಬೆಲೆಯನ್ನೂ ವಿಚಾರಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಲಂಡನ್ನಿನ ಸಿಪ್‌ಸ್ಮಿತ್ ಡಿಸ್ಟಿಲರಿಯ ಉದಾಹರಣೆಯನ್ನು ನೋಡೋಣ. 2009ರಲ್ಲಿ ಅದು ಆರಂಭವಾಗುವ ಮೊದಲು, 1,800 ಲೀಟರಿಗಿಂತ ಚಿಕ್ಕ ಭಟ್ಟಿಗೆ ಬ್ರಿಟನ್ನಿನ ತೆರಿಗೆ ಇಲಾಖೆ ಪರವಾನಗಿ ಕೊಡುತ್ತಿರಲಿಲ್ಲ. ಅದರ ಸ್ಥಾಪಕರು ಪಟ್ಟುಹಿಡಿದು ಅನುಮತಿ ಪಡೆದು, ಜರ್ಮನಿಯ ಕಾರ್ಲ್ ಸಂಸ್ಥೆ ತಯಾರಿಸಿದ ಸುಮಾರು 300 ಲೀಟರಿನ ತಾಮ್ರದ ಭಟ್ಟಿಯನ್ನು ನಿಲ್ಲಿಸಿದರು. ಆ ಪುಟ್ಟ ಭಟ್ಟಿಯಿಂದ ವ್ಯಾಪಾರ ನಡೆದದ್ದು ಅವರು ಆರಿಸಿದ ಪೇಯ ಜಿನ್ ಆಗಿದ್ದರಿಂದ. ಜಿನ್ ತಯಾರಿಸುವವರು ಬಹುಮಟ್ಟಿಗೆ ಶುದ್ಧ ಸ್ಪಿರಿಟನ್ನು ಹೊರಗಿನಿಂದ ಕೊಂಡು, ಜುನಿಪರ್ ಎಂಬ ಪರಿಮಳದ ಕಾಯಿ, ಕೊತ್ತಂಬರಿ ಬೀಜ ಮೊದಲಾದವುಗಳೊಂದಿಗೆ ಮತ್ತೊಮ್ಮೆ ಬಟ್ಟಿ ಇಳಿಸುತ್ತಾರೆ. ಹಂಡೆಗೆ ಸುರಿಯುವ ದ್ರವದಲ್ಲಿ ಅರ್ಧದಷ್ಟು ಆಲ್ಕೋಹಾಲ್ ಮೊದಲೇ ಇರುತ್ತದೆ.

ಅದೇ 300 ಲೀಟರಿನ ಹಂಡೆಗೆ ಬೆಲ್ಲದ ಕೊಳೆಯನ್ನು, ಎಂದರೆ ಬೆಲ್ಲದ ನೀರು ಹುದುಗೆದ್ದ ದ್ರವವನ್ನು ಸುರಿದರೆ ಲೆಕ್ಕವೇ ಬೇರೆಯಾಗುತ್ತದೆ. ಕೊಳೆಯಲ್ಲಿ ಶೇಕಡ 8ರಷ್ಟು ಆಲ್ಕೋಹಾಲ್ ಇದೆ ಎಂದುಕೊಂಡರೆ 300 ಲೀಟರಿನಲ್ಲಿರುವುದು ಕೇವಲ 24 ಲೀಟರ್. ಸಾವಿರ ಲೀಟರಿನ ಹಂಡೆಯಾದರೂ 80 ಲೀಟರ್. ನಮ್ಮಲ್ಲಿ ರೂಢಿಯಲ್ಲಿರುವ ಶೇಕಡ 42.8ರ ತೀಕ್ಷ್ಣತೆಗೆ ನೀರು ಬೆರೆಸಿ 750 ಮಿಲಿಲೀಟರಿನ ಬಾಟಲಿಗಳಿಗೆ ತುಂಬಿದರೆ, ಒಂದು ಹನಿಯೂ ನಷ್ಟವಾಗದ ಪಕ್ಷದಲ್ಲಿ ಸುಮಾರು 250 ಬಾಟಲಿ. ವಾಸ್ತವದಲ್ಲಿ ಮೊದಲು ಇಳಿಯುವ ಕಟು ವಾಸನೆಯ ಪಾಲನ್ನೂ ಕೊನೆಗೆ ಇಳಿಯುವ ಮಂದವಾದ ಪಾಲನ್ನೂ ಬೇರ್ಪಡಿಸಬೇಕಾಗುವುದರಿಂದ ಬಾಟಲಿಗಳು ಇನ್ನೂ ಕಡಿಮೆಯಾಗುತ್ತವೆ. ಪೀಪಾಯಿಯಲ್ಲಿಟ್ಟು ಮಾಗಿಸುವವರಿಗೆ ಮತ್ತೊಂದು ಖೋತಾ ಇದೆ. 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿಯೇ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಬಿಡುಗಡೆ ಮಾಡಿದ ಬೆಂಗಳೂರಿನ ಅಮೃತ್ ಡಿಸ್ಟಿಲರಿಯಲ್ಲಿ ವರ್ಷಕ್ಕೆ ಶೇಕಡ 10ರ ಆಸುಪಾಸಿನಲ್ಲಿ ಮದ್ಯವು ಪೀಪಾಯಿಯಿಂದ ಆವಿಯಾಗಿ ಹೋಗುತ್ತದೆ. ಸ್ಕಾಟ್ಲೆಂಡಿನಲ್ಲಿ ಇದು ಸುಮಾರು ಶೇಕಡ 2. ಭಟ್ಟಿಯ ಗಾತ್ರವನ್ನು ನಿರ್ಧರಿಸುವಾಗ ಇವೆಲ್ಲವನ್ನೂ ಕಳೆದು ಉಳಿಯುವುದೆಷ್ಟು ಎಂಬುದನ್ನೇ ನೋಡಬೇಕು.

ಇನ್ನು ಆಕಾರ. ಆವಿಯು ಹಂಡೆಯ ಕೊರಳಿನಲ್ಲಿ ಮೇಲೇರುವಾಗ ಅದರ ಭಾರವಾದ ಅಂಶಗಳು ತಣಿದು ಮತ್ತೆ ಹಂಡೆಗೇ ಬೀಳುತ್ತವೆ. ಕೊರಳು ಎತ್ತರವಾದಷ್ಟೂ ಹೀಗೆ ಹಿಂತಿರುಗುವ ಪಾಲು ಹೆಚ್ಚಿ, ಇಳಿಯುವ ಮದ್ಯ ಹಗುರವಾಗುತ್ತದೆ. ಸ್ಕಾಟ್ಲೆಂಡಿನ ಗ್ಲೆನ್‌ಮೊರಾಂಜಿ ಡಿಸ್ಟಿಲರಿಯ ಭಟ್ಟಿಗಳ ಕೊರಳು 5.14 ಮೀಟರ್ ಎತ್ತರವಿದ್ದು, ಅಲ್ಲಿನ ಮದ್ಯ ಹೂವಿನಂತಹ ನವಿರಾದ ಪರಿಮಳಕ್ಕೆ ಹೆಸರಾಗಿದೆ. ಸ್ಕಾಟ್ಲೆಂಡಿನದೇ ಆದ ಮೆಕ್ಯಾಲನ್ ಡಿಸ್ಟಿಲರಿಯ ಭಟ್ಟಿಗಳು ಗಿಡ್ಡವಾಗಿದ್ದು, ಅಲ್ಲಿ ಎಣ್ಣೆಯಂಶವುಳ್ಳ ಗಟ್ಟಿಯಾದ ಮದ್ಯ ಇಳಿಯುತ್ತದೆ. ಕೊರಳಿನಿಂದ ತಣಿಸುವ ಕೊಳವೆಗೆ ಹೋಗುವ ಅಡ್ಡ ನಳಿಕೆ ಮೇಲ್ಮುಖವಾಗಿದೆಯೋ ಕೆಳಮುಖವಾಗಿದೆಯೋ ಎಂಬಷ್ಟರಿಂದಲೂ ರುಚಿ ಬದಲಾಗುತ್ತದೆ. ಬೆಲ್ಲದ ಕಂಪು ಬಾಟಲಿಯವರೆಗೂ ಉಳಿಯಬೇಕು ಎನ್ನುವವರು ಗಿಡ್ಡ ಕೊರಳಿನ ಸರಳ ಹಂಡೆಯಲ್ಲಿ ಎರಡು ಸಲ ಇಳಿಸುವುದೇ ಸರಿ. ವೋಡ್ಕಾದಂತೆ ಯಾವ ವಾಸನೆಯೂ ಇಲ್ಲದ ಸ್ಪಿರಿಟ್ ಬೇಕೆಂದರೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಎತ್ತರದ ಕಾಲಂ ಬೇಕು. ಮಾರುಕಟ್ಟೆಯಲ್ಲಿ ಹಂಡೆಯ ಮೇಲೆ ನಾಲ್ಕೈದು ತಟ್ಟೆಗಳ ಕಾಲಂ ಕೂರಿಸಿದ ಮಿಶ್ರ ಭಟ್ಟಿಯನ್ನು, ಎಲ್ಲ ಬಗೆಯ ಮದ್ಯಕ್ಕೂ ಆಗುತ್ತದೆ ಎಂದು ಮಾರುತ್ತಾರೆ. ಹಣ್ಣಿನ ಬ್ರಾಂದಿಗೆ ಅದು ಉತ್ತಮವಾದ ಸಾಧನ. ಆದರೆ ಅಷ್ಟೇ ತಟ್ಟೆಗಳಿಂದ ನಿಜವಾದ ವೋಡ್ಕಾ ಬರುತ್ತದೆ ಎಂಬ ಮಾತನ್ನು ನಂಬಬೇಡಿ.

ತಾಮ್ರ ಅಂದಕ್ಕಾಗಿ ಇರುವುದಲ್ಲ. ಹುದುಗುವಾಗ ಹುಟ್ಟುವ ಗಂಧಕದ ಸಂಯುಕ್ತಗಳನ್ನು ತಾಮ್ರ ಹಿಡಿದಿಟ್ಟುಕೊಳ್ಳುತ್ತದೆ. ಪೂರ್ತಿ ಉಕ್ಕಿನ ಭಟ್ಟಿಯಲ್ಲಿ ಇಳಿಸಿದ ಮದ್ಯ ಬೆಂದ ಎಲೆಕೋಸಿನ ವಾಸನೆ ಹೊಡೆಯುವ ಸಾಧ್ಯತೆ ಹೆಚ್ಚು. ಹಣ ಕಡಿಮೆಯಿದ್ದರೆ ಹಂಡೆಯನ್ನು ಸ್ಟೀಲಿನಲ್ಲಿ ಮಾಡಿಸಿ, ಆವಿ ಹಾಯುವ ಕೊರಳು ಮತ್ತು ಕಾಲಂಗಳನ್ನಾದರೂ ತಾಮ್ರದಲ್ಲಿ ಮಾಡಿಸಬಹುದು. ನಮ್ಮ ಬಚ್ಚಲುಮನೆಯ ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜುವಂತೆ ಭಟ್ಟಿಯ ಒಳಮೈಯನ್ನೂ ಆಗಾಗ ತೊಳೆದು ಹೊಸ ತಾಮ್ರವನ್ನು ಆವಿಗೆ ಒಡ್ಡಬೇಕಾಗುವುದರಿಂದ, ಕೈ ಮತ್ತು ಬ್ರಷ್ ಸಲೀಸಾಗಿ ಹೋಗುವಷ್ಟು ಅಗಲದ ಬಾಯಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಕೊಳ್ಳುವವರು ಬಹುತೇಕ ಮರೆಯುವ ಸಂಗತಿ ನೀರು. ಸಾವಿರ ಲೀಟರ್ ಕೊಳೆಯನ್ನು ಮೊದಲ ಸಲ ಇಳಿಸುವಾಗ ಅದರ ಮೂರನೆಯ ಒಂದು ಭಾಗ ಆವಿಯಾಗುತ್ತದೆ. ಆ ಆವಿಯನ್ನು ತಣಿಸುವ ನೀರು 25 ಡಿಗ್ರಿಯಲ್ಲಿ ಒಳಹೋಗಿ 60 ಡಿಗ್ರಿಯಲ್ಲಿ ಹೊರಬರುವುದಾದರೆ, ಸುಮಾರು 4,000 ಲೀಟರ್ ನೀರು ಹರಿಯಬೇಕಾಗುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದ್ದನ್ನು ಕಂಡವರು ಇಷ್ಟು ನೀರನ್ನು ಚರಂಡಿಗೆ ಬಿಡುವ ಯೋಚನೆ ಮಾಡಲಾರರು. ಅದನ್ನು ಆರಿಸಿ ಮತ್ತೆ ಬಳಸುವ ಕೂಲಿಂಗ್ ಟವರಿನ ಖರ್ಚು ಭಟ್ಟಿಯ ಬೆಲೆಯ ಜೊತೆಗೇ ಸೇರಬೇಕು. ತಣ್ಣನೆಯ ನೀರು ಸಿಗುವ ದೇಶಗಳಿಗಾಗಿ ರೂಪಿಸಿದ ಕಂಡೆನ್ಸರ್, ಎಂದರೆ ಆವಿಯನ್ನು ತಣಿಸುವ ಕೊಳವೆ, ನಮ್ಮ ಏಪ್ರಿಲ್ ತಿಂಗಳಿನಲ್ಲಿ ಸಾಲದೆ ಹೋಗಬಹುದು. ಆವಿ ತಣಿಯದೆ ಹೊರಬಂದರೆ ಅದು ಹೊತ್ತಿಕೊಳ್ಳುವ ಅಪಾಯವಿರುವುದರಿಂದ, ಇಲ್ಲಿನ ಬೇಸಿಗೆಯ ನೀರಿನ ತಾಪವನ್ನು ತಯಾರಕರಿಗೆ ಬರವಣಿಗೆಯಲ್ಲಿ ತಿಳಿಸಿ, ಕಂಡೆನ್ಸರನ್ನು ಅದಕ್ಕೆ ತಕ್ಕಂತೆ ಮಾಡಿಸಬೇಕು.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು, ಸಾಧ್ಯವಾದರೆ ನಿಮ್ಮದೇ ಕೊಳೆಯನ್ನು ಅದೇ ಮಾದರಿಯ ಭಟ್ಟಿಯಿರುವ, ಪರವಾನಗಿ ಪಡೆದ ಡಿಸ್ಟಿಲರಿಯಲ್ಲಿ ಇಳಿಸಿ, ರುಚಿ ನೋಡಿ. ತಾಮ್ರದ ಹಾಳೆಯ ದಪ್ಪವೆಷ್ಟು ಎಂದೂ ಕೇಳಿ, ಏಕೆಂದರೆ ಗಂಧಕವನ್ನು ಹಿಡಿಯುತ್ತಾ ಹಿಡಿಯುತ್ತಾ ತಾಮ್ರ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಸವೆದ ಭಾಗವನ್ನು ಮುಂದೆ ಅದೇ ಅಳತೆಯಲ್ಲಿ ಮಾಡಿಸಲು ಬೇಕಾಗುವ ನಕ್ಷೆಗಳನ್ನು ಭಟ್ಟಿಯ ಜೊತೆಯಲ್ಲಿಯೇ ಪಡೆದುಕೊಳ್ಳಿ. ನಮಸ್ಕಾರ.