ಮನೆಗೆ ಬಂದ ಹೊಸ ನಾಯಿಯ ನಡವಳಿಕೆ

ಸಭಿಕರಿಗೆ ನಮಸ್ಕಾರ.

ಬೀದಿಯಿಂದಲೋ ಪ್ರಾಣಿಗಳ ಆಶ್ರಯತಾಣದಿಂದಲೋ ನಾಯಿಯನ್ನು ಮನೆಗೆ ತಂದವರು ಮೊದಲ ವಾರದಲ್ಲಿ ನನ್ನ ಬಳಿ ಹೇಳಿಕೊಳ್ಳುವ ಮಾತು ಬಹುಮಟ್ಟಿಗೆ ಒಂದೇ: 'ಇದು ಏನೋ ವಿಚಿತ್ರವಾಗಿ ಆಡುತ್ತಿದೆ.' ಮಂಚದಡಿಯಿಂದ ಹೊರಗೆ ಬರುವುದಿಲ್ಲ, ತಟ್ಟೆಯ ಹತ್ತಿರ ಹೋದರೆ ಗುರುಗುಟ್ಟುತ್ತದೆ, ಲಿಫ್ಟಿನ ಬಾಗಿಲಲ್ಲಿ ನಾಲ್ಕೂ ಕಾಲೂರಿ ನಿಂತುಬಿಡುತ್ತದೆ, ದಿನವಿಡೀ ಮೂತ್ರ ಮಾಡುವುದಿಲ್ಲ. ಇವುಗಳಲ್ಲಿ ಹೆಚ್ಚಿನವು, ಆ ನಾಯಿ ಹಿಂದೆ ಇದ್ದ ಜಾಗದಲ್ಲಿ ಅದನ್ನು ಬದುಕಿಸಿದ ಅಭ್ಯಾಸಗಳು. ಅವನ್ನು ದೋಷವೆಂದು ಕರೆಯುವ ಮೊದಲು, ಅಲ್ಲಿ ಅವು ಯಾವ ಉಪಯೋಗಕ್ಕೆ ಬರುತ್ತಿದ್ದವು ಎಂದು ಕೇಳಿಕೊಳ್ಳಬೇಕೆಂಬುದು ನನ್ನ ವಿನಂತಿ.

ನಮ್ಮ ಮನೆಯ ಕಾಳಿ ಮುಂಬಯಿ ಸಮೀಪದ ಡೊಂಬಿವಿಲಿಯ ಮೀನು ಮಾರುಕಟ್ಟೆಯ ಹಿಂದೆ ಬೆಳೆದ ನಾಯಿ. ಏಳನೆಯ ಮಹಡಿಗೆ ಬಂದ ಮೊದಲ ದಿನ ಅದು ಸುಮಾರು 20 ಗಂಟೆ ಮೂತ್ರ ಕಟ್ಟಿಕೊಂಡಿತು. ಮರಿಯಾಗಿದ್ದಾಗ ಯಾವ ನೆಲದ ಮೇಲೆ ಶೌಚದ ಅಭ್ಯಾಸವಾಯಿತೋ ಅಂಥದೇ ನೆಲವನ್ನು ನಾಯಿಯ ಕಾಲು ಹುಡುಕುತ್ತದೆ. ಮಣ್ಣು ಬಲ್ಲ ನಾಯಿಗೆ ನುಣುಪು ಟೈಲ್ಸೂ ಸಿಮೆಂಟು ಅಂಗಳವೂ ಒಗ್ಗುವುದಿಲ್ಲ. ಅದರ ಮೇಲೆ ಕೊರಳಿಗೊಂದು ಹಗ್ಗ, ಹಗ್ಗದ ತುದಿಯಲ್ಲಿ ಗುರುತಿಲ್ಲದ ಮನುಷ್ಯ. ಕಟ್ಟಡದ ಹಿಂದೆ ತೆಂಗಿನ ಮರದ ಬುಡದಲ್ಲಿ ಒಂದು ಮಾರು ಮಣ್ಣು ಕಂಡು, ಹಗ್ಗವನ್ನು ಸಡಿಲ ಬಿಟ್ಟು ನಾನು ಬೇರೆ ಕಡೆಗೆ ಮುಖ ಮಾಡಿ ನಿಂತ ಮೇಲೆ ಅದಕ್ಕೆ ಧೈರ್ಯ ಬಂತು. ಆ ವಾರವೆಲ್ಲ 'ಬಾ' ಎಂದರೆ ಅದು ಕಿವಿ ಕೂಡ ಅಲುಗಿಸುತ್ತಿರಲಿಲ್ಲ. ಮೊಂಡು ಸ್ವಭಾವವೆಂದು ನಾವು ತೀರ್ಮಾನಿಸಿದ್ದೆವು. ಒಂದು ದಿನ ಕೆಳಗಿನ ವಾಚ್‌ಮನ್ 'ಇಕಡೇ ಯೇ' ಎಂದೊಡನೆ ಬಾಲ ಅಲ್ಲಾಡಿಸುತ್ತ ಓಡಿತು. ಅದಕ್ಕೆ ಅನ್ನ ಹಾಕಿದ ಮೀನು ಮಾರುವ ಅಮ್ಮನ ಮಾತು ಮರಾಠಿ. ಊರಿನಿಂದ ಬಂದು ಈ ನಗರದಲ್ಲಿ ಭಾಷೆ ತಿಳಿಯದೆ ನಿಂತವರ ಮಕ್ಕಳಾದ ನಮಗೇ ಅದು ಹೊಳೆಯದೆ ಹೋದದ್ದು ನನಗೆ ಇಂದಿಗೂ ನೋವಿನ ವಿಷಯ.

ಜಾಗ ಬದಲಾದಾಗ ನಾಯಿಯ ದೇಹದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರುತ್ತದೆ. ಅದು ತಗ್ಗಲು ದಿನಗಳೇ ಬೇಕು. ಗಾಬರಿ ಇಳಿಯಲು 3 ದಿನ, ಮನೆಯ ಕ್ರಮ ತಿಳಿಯಲು 3 ವಾರ, ನಮ್ಮವರೆಂಬ ಭಾವ ಬೇರೂರಲು 3 ತಿಂಗಳು ಎಂದು ನಾಯಿ ಸಾಕುವವರು ಸ್ಥೂಲವಾಗಿ ಲೆಕ್ಕ ಹಾಕುತ್ತಾರೆ. ಸುಮಾರು 3ರಿಂದ 14 ವಾರಗಳ ವಯಸ್ಸಿನಲ್ಲಿ ಮರಿ ಯಾವುದನ್ನು ಕಂಡಿತ್ತೋ ಅದು ಅದಕ್ಕೆ ಸಹಜವೆನಿಸುತ್ತದೆ. ಆಗ ಕಾಣದ ಲಿಫ್ಟು, ಮಿಕ್ಸರು, ಕನ್ನಡಿಗಳು ಮುಂದೆಂದಾದರೂ ಭಯ ಹುಟ್ಟಿಸಬಹುದು.

ಗುರುಗುಟ್ಟುವುದರ ಬಗ್ಗೆ ಮಾತ್ರ ನಾನು ಒತ್ತಿ ಹೇಳುತ್ತೇನೆ. ಅದು ನಾಯಿ ಕೊಡುವ ಎಚ್ಚರಿಕೆ. ಅದಕ್ಕೂ ಮುಂಚೆ ಅದು ತುಟಿ ನೆಕ್ಕಿರುತ್ತದೆ, ನಿದ್ದೆಯಿಲ್ಲದೆಯೂ ಆಕಳಿಸಿರುತ್ತದೆ, ಮುಖ ತಿರುಗಿಸಿ ಕಣ್ಣಿನ ಬಿಳಿ ತೋರಿಸಿರುತ್ತದೆ, ನಾವು ನೋಡಿರುವುದಿಲ್ಲ. ಗುರುಗುಟ್ಟಿದ್ದಕ್ಕೆ ಹೊಡೆದರೆ ಭಯ ಹೋಗುವುದಿಲ್ಲ, ಎಚ್ಚರಿಕೆ ಕೊಡುವ ಅಭ್ಯಾಸವಷ್ಟೇ ಹೋಗುತ್ತದೆ. ಮುಂದೆ ಅಂಥ ನಾಯಿ ಸದ್ದಿಲ್ಲದೆ ಕಚ್ಚಬಹುದು. ತಟ್ಟೆಯನ್ನು ಕಿತ್ತುಕೊಳ್ಳುವ ಬದಲು ದೂರದಿಂದಲೇ ಅದರೊಳಗೆ ಒಂದು ಮಾಂಸದ ತುಂಡು ಎಸೆದು ಹೊರಟುಹೋಗಿ, ಮರುದಿನ ಒಂದು ಹೆಜ್ಜೆ ಹತ್ತಿರದಿಂದ ಎಸೆಯಿರಿ. ನಮ್ಮ ಬರವು ಊಟದ ಹೆಚ್ಚಳವೆಂದು ಅದಕ್ಕೆ ನಿಧಾನವಾಗಿ ಖಾತ್ರಿಯಾಗುತ್ತದೆ.

ಎಲ್ಲವನ್ನೂ ಮನಸ್ಸಿನ ಲೆಕ್ಕಕ್ಕೆ ಬರೆಯಬಾರದು. ಚುರುಕಾಗಿದ್ದ ನಾಯಿ ಮಂಕಾದರೆ ಉಣ್ಣೆಗಳಿಂದ ಬರುವ ಜ್ವರವಿರಬಹುದು. ತಲೆ ಮುಟ್ಟಿಸಿಕೊಳ್ಳದಿದ್ದರೆ ಕಿವಿ ಸೋಂಕು, ಪದೇ ಪದೇ ಒಳಗೇ ಮೂತ್ರ ಮಾಡಿದರೆ ಮೂತ್ರನಾಳದ ಸೋಂಕು ಇದ್ದೀತು. ಸ್ವಭಾವ ಒಮ್ಮೆಲೇ ಬದಲಾಗಿ, ಜೊಲ್ಲು ಸುರಿದು, ನುಂಗಲಾರದೆ, ಹಿಂಗಾಲು ಸೋತರೆ ರೇಬೀಸಿನ ಶಂಕೆಯಿಂದ ದೂರವಿದ್ದು ಕೂಡಲೇ ಪಶುವೈದ್ಯರಿಗೆ ತಿಳಿಸಬೇಕು. ಯಾವ ನಾಯಿ ಕಚ್ಚಿದರೂ ಗಾಯವನ್ನು 15 ನಿಮಿಷ ಸೋಪು ನೀರಿನಿಂದ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಇನ್ನು ಗಣೇಶೋತ್ಸವ ಹತ್ತಿರವಿದೆ. ನಾಯಿಗೆ ಸುಮಾರು 45,000 ಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ, ನಮಗೆ ಕೇಳುವುದು 20,000ದವರೆಗೆ; ಢೋಲು-ತಾಷೆಯ ಮೆರವಣಿಗೆ ಅದಕ್ಕೆ ಹೇಗಿರುತ್ತದೆಂದು ಊಹಿಸಿ. ವಿಸರ್ಜನೆಯ ದಿನ ಸದ್ದು ಶುರುವಾಗುವ ಮೊದಲೇ ತಿರುಗಾಡಿಸಿ ತನ್ನಿ, ಕಿಟಕಿ ಮುಚ್ಚಿ ಫ್ಯಾನು ಹಾಕಿ, ಮಂಚದಡಿ ಸೇರಿದರೆ ಎಳೆಯಬೇಡಿ. ಬಂದು ನಿಮ್ಮ ಕಾಲಿಗೆ ಒರಗಿದರೆ ಅಲ್ಲಿಯೇ ಕುಳಿತಿರಿ. ವಿಪರೀತ ನಡುಗುವ ನಾಯಿಗೆ ಔಷಧಿ ಬೇಕೇ ಎಂದು ಕೆಲವು ದಿನ ಮುಂಚೆಯೇ ಪಶುವೈದ್ಯರನ್ನು ಕೇಳಿ. ಕೊರಳಪಟ್ಟಿಯಲ್ಲಿ ನಿಮ್ಮ ಫೋನ್ ಸಂಖ್ಯೆ ಇದೆಯೇ ಎಂದು ಈ ರಾತ್ರಿಯೇ ನೋಡಿಕೊಳ್ಳಿ. ಬೆದರಿ ಓಡಿದ ಹೊಸ ನಾಯಿಗೆ ನಿಮ್ಮ ಮನೆಯ ದಾರಿ ಇನ್ನೂ ತಿಳಿದಿರುವುದಿಲ್ಲ.