ಹಳೆ ಶೆವೆಲ್‌ಗೆ ಅಗ್ಗದ ಎಂಜಿನ್

ಕೇಳುಗರಿಗೆ ನಮಸ್ಕಾರ. ಅಮೆರಿಕದ ಮಸಲ್ ಕಾರು ಅಂದರೆ ಗೊತ್ತಲ್ವಾ? ಎರಡು ಬಾಗಿಲು, ಉದ್ದ ಬಾನೆಟ್, ಅದರಡಿ ದೊಡ್ಡ ವಿ-8 ಎಂಜಿನ್. 1964ರಲ್ಲಿ ಪಾಂಟಿಯಾಕ್ ಜಿಟಿಓ ಬಂದ ಮೇಲೆ ಸುಮಾರು ಹತ್ತು ವರ್ಷ ಇವುಗಳದ್ದೇ ಭರಾಟೆ. ಬಾಡಿ ಗಟ್ಟಿ ಇದ್ದು ಎಂಜಿನ್ ಕೈಕೊಟ್ಟ ಗಾಡಿಗಳು ಅಲ್ಲಿ ಈಗಲೂ ಮಾರಾಟಕ್ಕೆ ಸಿಗುತ್ತವೆ. ಅಮೆರಿಕದಲ್ಲಿರುವ ನಮ್ಮವರಿಗೂ ಈ ಹುಚ್ಚು ಹಿಡಿಯುವುದುಂಟು. ಕೈ ಸುಟ್ಟುಕೊಳ್ಳದೆ ಇಂಥ ಕಾರಿಗೆ ಬೇರೆ ಎಂಜಿನ್ ಹಾಕುವುದು ಹೇಗೆ? ಉದಾಹರಣೆಗೆ 1971ರ ಶೆವರ್ಲೆ ಶೆವೆಲ್ ಇದೆ ಅಂದುಕೊಳ್ಳಿ. ಅದರ 350 ಎಂಜಿನ್ ಕೆಲಸ ಮುಗಿಸಿದೆ. 350 ಅಂದರೆ ಘನ ಇಂಚು, ನಮ್ಮ ಲೆಕ್ಕದಲ್ಲಿ 5.7 ಲೀಟರ್.

ಗುಜರಿ ಅಂಗಡಿಗೆ ಹೋದರೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: 'ಟ್ರಕ್ಕಿನ 5.3 ಲೀಟರ್ ಎಂಜಿನ್ ಹಾಕಿಬಿಡಿ.' ಸುಮ್ನೆ ಹೇಳುವುದಲ್ಲ, ಒಳ್ಳೆ ಎಂಜಿನ್ನೇ. 1999ರಿಂದ ಶೆವರ್ಲೆ ಸಿಲ್ವರಾಡೋ ಪಿಕಪ್‌ಗಳಲ್ಲಿ ಬಂದ ಎಲ್‌ಎಂ7. ಬೀಡುಕಬ್ಬಿಣದ ಬ್ಲಾಕ್, ಸುಲಭಕ್ಕೆ ಸಾಯುವ ಜಾತಿ ಅಲ್ಲ. ಪಿಕಪ್‌ಗಳು ಲಕ್ಷಗಟ್ಟಲೆ ಮಾರಾಟವಾಗಿದ್ದರಿಂದ ಎಂಜಿನ್ ಸಿಗುವುದೂ ಕಷ್ಟವಲ್ಲ. ಗಾಡಿಯ ಗುರುತಿನ ನಂಬರು, ಅಂದರೆ ವಿಐಎನ್‌ನಲ್ಲಿ ಎಂಟನೇ ಅಕ್ಷರ ನೋಡಿ. 'ಟಿ' ಇದ್ದರೆ ಎಲ್‌ಎಂ7. 'ವಿ' ಇದ್ದರೆ ಅದು ಚಿಕ್ಕದು, 4.8.

ಎಲ್‌ಎಂ7ನ ಶಕ್ತಿ 270ರಿಂದ 295 ಹಾರ್ಸ್‌ಪವರ್. 'ನನ್ನ ಹಳೆ 350 ಕೂಡ 245 ಇತ್ತಲ್ಲ' ಅನ್ನಬಹುದು. ಆ 245 ಬೇರೆ ಅಳತೆ. ಫ್ಯಾನು, ಆಲ್ಟರ್ನೇಟರ್, ಸೈಲೆನ್ಸರ್ ಯಾವುದೂ ಇಲ್ಲದೆ ಬರೀ ಎಂಜಿನ್ ಓಡಿಸಿ ಬರೆದದ್ದು. 1972ರಲ್ಲಿ ಎಲ್ಲ ಜೋಡಿಸಿ ಅಳೆಯುವ ಪದ್ಧತಿ ಬಂತು. ಅದೇ ಎರಡು ಬ್ಯಾರೆಲ್ ಕಾರ್ಬುರೇಟರ್‌ನ 350, ಕಾಗದದ ಮೇಲೆ 165ಕ್ಕೆ ಇಳಿಯಿತು. ಹಾಗಾಗಿ ಈ ಟ್ರಕ್ ಎಂಜಿನ್ ಆ ಶೆವೆಲ್‌ಗೆ ನಿಜಕ್ಕೂ ಜಾಸ್ತಿಯೇ.

ತೊಂದರೆ ಇರುವುದು ಎಂಜಿನ್ ಸುತ್ತ. ಟ್ರಕ್ಕಿನ ಆಯಿಲ್ ಪ್ಯಾನ್ ಆಳ ಜಾಸ್ತಿ, ಶೆವೆಲ್‌ನ ಚಾಸಿಯ ಅಡ್ಡಪಟ್ಟಿಗೆ ತಾಗುತ್ತದೆ. ಬೇರೆ ಪ್ಯಾನ್ ತರಬೇಕು. ಮೇಲೆ ಗಾಳಿ ಒಳಗೆ ಬಿಡುವ ಇನ್‌ಟೇಕ್ ಎತ್ತರ, ಬಾನೆಟ್ ಮುಚ್ಚುತ್ತದಾ ಅಂತ ಅಳೆಯಬೇಕು. ಎಂಜಿನ್ ಕೂರಿಸುವುದಕ್ಕೆ ಅಡಾಪ್ಟರ್ ಪ್ಲೇಟು. ಹಳೆ ಗೇರ್‌ಬಾಕ್ಸ್ ಬೋಲ್ಟ್ ಏನೋ ಕೂರುತ್ತದೆ, ಆದರೆ ಎಂಜಿನ್ನಿನ ಒಳಗೆ ತಿರುಗುವ ಮುಖ್ಯ ದಂಡ ಕ್ರ್ಯಾಂಕ್, ಅದರ ಹಿಂಭಾಗ ಸುಮಾರು 10 ಮಿಲಿಮೀಟರ್ ಒಳಗಿರುತ್ತದೆ, ನಡುವೆ ಸ್ಪೇಸರ್ ಬೇಕು. ಪೆಟ್ರೋಲಿನ ಕಥೆ ಇನ್ನೊಂದು. ಹಳೆ ಮೆಕ್ಯಾನಿಕಲ್ ಪಂಪು ಕೊಡುವುದು ಐದಾರು ಪಿಎಸ್‌ಐ ಒತ್ತಡ. 5.3ರ ಇಂಜೆಕ್ಟರ್‌ಗಳಿಗೆ ಸುಮಾರು 58 ಬೇಕು. ಅಲ್ಲಿಗೆ ಪಂಪು, ಪೈಪು ಎಲ್ಲ ಹೊಸದು. ಆಮೇಲೆ ಕಂಪ್ಯೂಟರು, ಅದರ ವೈರಿಂಗು. ಕೋಳಿಗಿಂತ ಮಸಾಲೆಗೇ ದುಡ್ಡು ಜಾಸ್ತಿ ಆಗುವುದು ಇಲ್ಲಿಯೇ.

ದಿನಾ ಓಡಿಸುವ ಕಾರಾಗಿದ್ದರೆ, ವೈರಿಂಗ್ ಕೆಲಸ ನಿಮಗೆ ಬರುವುದಾದರೆ, ನಾನು ಬೇಡ ಅನ್ನುವುದಿಲ್ಲ. ಚಳಿಯಲ್ಲೂ ತಟ್ಟನೆ ಸ್ಟಾರ್ಟ್ ಆಗುತ್ತದೆ, ಪೆಟ್ರೋಲೂ ಉಳಿಯುತ್ತದೆ. ಭಾನುವಾರ ಮಾತ್ರ ಹೊರತೆಗೆಯುವ ಕಾರಾದರೆ ನನ್ನ ಮತ ಮತ್ತೊಂದು 350ಗೇ. ಎಪ್ಪತ್ತರ ದಶಕದ 350 ತಂದರೆ ಮೌಂಟು, ಗೇರ್‌ಬಾಕ್ಸು, ಪಂಪು, ಕಾರ್ಬುರೇಟರ್ ಎಲ್ಲ ಇದ್ದ ಹಾಗೆಯೇ ಕೂರುತ್ತವೆ.

ಮೋಸ ಹೋಗುವುದೂ ಇಲ್ಲಿಯೇ, ಸ್ವಲ್ಪ ಗಮನ ಕೊಡಿ. 305 ಅನ್ನುವ ಎಂಜಿನ್ ಹೊರಗಿನಿಂದ 350ಯ ಪಡಿಯಚ್ಚು. 350ಯ ಸಿಲಿಂಡರ್ 4 ಇಂಚು ಅಗಲ. 305ರದು 3.736, ಕಿರಿದು. ಅದಕ್ಕೆ ಎಷ್ಟು ಖರ್ಚು ಮಾಡಿದರೂ 350ಯ ಮಟ್ಟಕ್ಕೆ ಬರುವುದಿಲ್ಲ. ಮಾರುವವನ ಬಾಯಲ್ಲಿ ಮಾತ್ರ ಎಲ್ಲವೂ 350ಯೇ! ಬ್ಲಾಕಿನ ಹಿಂಬದಿ, ಗೇರ್‌ಬಾಕ್ಸ್ ಸೇರುವ ಅಂಚಿನಲ್ಲಿ, ಡ್ರೈವರ್ ಕಡೆ, ಉಬ್ಬಿದ ಅಂಕಿಗಳು ಇರುತ್ತವೆ. ಜಿಡ್ಡು ಕೆರೆದು ಓದಿ. 3970010 ಅಂತ ಇದ್ದರೆ ಬಹುಮಟ್ಟಿಗೆ 350. ಆಮೇಲೆ ಡಿಪ್‌ಸ್ಟಿಕ್ ಎಳೆಯಿರಿ. ಆಯಿಲ್ ಹಾಲು ಬೆರೆಸಿದ ಹಾಗೆ ಕಂಡರೆ ಒಳಗೆ ನೀರು ಸೇರಿದೆ, ಬಿಟ್ಟು ಬನ್ನಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಎಂಜಿನ್ನಿನ ಮುಂಭಾಗದ ಕ್ರ್ಯಾಂಕ್ ಬೋಲ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ನಿಂತರೆ ಅದೂ ಬೇಡ.

ಇನ್ನೊಂದು ದಾರಿ 1996ರಿಂದ ಟ್ರಕ್‌ಗಳಲ್ಲಿ ಬಂದ ವೋರ್ಟೆಕ್ 350. ಸಿಲಿಂಡರ್‌ಗಳ ಮೇಲೆ ಕೂರುವ ಅದರ ಹೆಡ್ ಹಳೆಯದಕ್ಕಿಂತ ಎಷ್ಟೋ ಮೇಲು. ವಾಲ್ವ್ ತೆರೆಸುವ ದಂಡ ಕ್ಯಾಮ್, ಅದರ ಮೇಲೆ ಉರುಳುವ ರೋಲರ್ ಲಿಫ್ಟರ್ ಇರುವುದರಿಂದ ಸವೆತವೂ ಕಮ್ಮಿ. ಕಾರ್ಬುರೇಟರ್ ಕೂರಿಸಲು ವೋರ್ಟೆಕ್ ಹೆಡ್ಡಿಗೆ ಹೊಂದುವ ಇನ್‌ಟೇಕ್ ಮ್ಯಾನಿಫೋಲ್ಡೇ ಬೇಕು, ಹಳೆಯದರ ಬೋಲ್ಟುಗಳು ಕೂರುವುದಿಲ್ಲ. 1986ರಲ್ಲಿ ಕ್ರ್ಯಾಂಕಿನ ಹಿಂದಿನ ಸೀಲ್ ಬದಲಾಗಿದ್ದರಿಂದ ಫ್ಲೈವೀಲೂ ಬೇರೆ. ಖರ್ಚು ಇದೆ, ಆದರೆ 5.3ರ ಪಟ್ಟಿಯಷ್ಟು ಉದ್ದ ಇಲ್ಲ. ನನ್ನ ದುಡ್ಡಾಗಿದ್ದರೆ ನಾನು ಇದನ್ನೇ ತರುತ್ತಿದ್ದೆ.

ಎಪ್ಪತ್ತರ ದಶಕದ 350 ತಂದವರು ಆಯಿಲ್ ಬಗ್ಗೆ ಎಚ್ಚರ ವಹಿಸಿ. ಅದರ ಲಿಫ್ಟರ್ ಚಪ್ಪಟೆ, ಕ್ಯಾಮ್ ಮೇಲೆ ಉಜ್ಜಿಕೊಂಡೇ ಓಡುತ್ತದೆ. ಈಗಿನ ಆಯಿಲ್‌ಗಳಲ್ಲಿ ಸವೆತ ತಡೆಯುವ ಸತು ಕಮ್ಮಿ. ಹಳೆ ಎಂಜಿನ್‌ಗೆ ಅಂತಲೇ ಮಾಡಿದ, ಸತು ಹೆಚ್ಚಿರುವ ಆಯಿಲ್ ಕೇಳಿ ತನ್ನಿ.

ಮತ್ತೆ, ಬಿಚ್ಚಿದ ಎಂಜಿನ್ನನ್ನು ಗುಜರಿಗೆ ಹಾಕಬೇಡಿ. ಬ್ಲಾಕಿನ ಮುಂದೆ, ಪ್ರಯಾಣಿಕರ ಕಡೆ, ಹೆಡ್ಡಿನ ಬುಡದಲ್ಲಿ ನಯವಾದ ಪುಟ್ಟ ಜಾಗ ಇದೆ. ಅಲ್ಲಿ ಒತ್ತಿದ ಅಂಕಿಗಳು ಕಾರಿನ ವಿಐಎನ್ ಕೊನೆಗೆ ಹೊಂದಿದರೆ, ಅದು ಕಾರ್ಖಾನೆಯಿಂದಲೇ ಜೊತೆ ಬಂದ ಎಂಜಿನ್. ಮುಂದೆ ಕಾರು ಕೊಳ್ಳುವವರು ಅದಕ್ಕೆ ಬೇರೆಯೇ ಬೆಲೆ ಕೊಡುತ್ತಾರೆ. ಎಣ್ಣೆ ಸವರಿ, ಪ್ಲಾಸ್ಟಿಕ್ ಸುತ್ತಿ, ಗ್ಯಾರೇಜಿನ ಮೂಲೆಯಲ್ಲಿ ಇಟ್ಟುಬಿಡಿ. ನಮಸ್ಕಾರ.